ಹದಿನೇಳರ ಕಬ್ಬಿಣ

ಗುಬ್ಬಿಗೆ ಮಾತ್ರೆ ಅಂದರೆ ಆಗದು. ಚಿಕ್ಕವಳಿದ್ದಾಗ ಜ್ವರ ಬಂದರೆ ಅಕ್ಕ ಮಾತ್ರೆಯನ್ನು ಪುಡಿ ಮಾಡಿ, ಸಕ್ಕರೆಯಲ್ಲಿ ಕಲಸಿ, ಮೂಗು ಹಿಡಿದು ನುಂಗಿಸಬೇಕಾಗುತ್ತಿತ್ತು. ನುಂಗಿಸಿದ್ದು ಗಳಿಗೆ ಕಳೆಯುವುದರೊಳಗೆ ಅಕ್ಕನ ಮಡಿಲಿಗೇ ವಾಪಸು ಬರುತ್ತಿತ್ತು. ಈಗ ಗುಬ್ಬಿಗೆ ಮದುವೆಯಾಗಿದೆ, ಬಸ್ಸು ಓಡಿಸುವ ಗಂಡನಿದ್ದಾನೆ, ಹೊಟ್ಟೆಯಲ್ಲೊಂದು ಜೀವ ಬೆಳೆಯುತ್ತಿದೆ. ಮಾತ್ರೆಯ ವಿಷಯದಲ್ಲಿ ಬುದ್ಧಿ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಮೈಯಲ್ಲಿ ರಕ್ತ ಕಡಿಮೆಯಿದೆ ಅಂತ ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ನುಂಗಿದರೆ ಹೊಟ್ಟೆ ತೊಳಸುತ್ತದೆ, ನುಂಗದಿದ್ದರೆ ಅತ್ತೆ ಬೈಯುತ್ತಾರೆ. ಎರಡಕ್ಕೂ ಹೆದರಿ ಗುಬ್ಬಿ ಬಚ್ಚಲಿನ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು.

ಅಕ್ಕನಿಗೆ ಇದನ್ನು ನೋಡಲಾಗಲಿಲ್ಲ. ನೋಡಲಾಗದಿದ್ದದ್ದೇ ಎಡವಟ್ಟಾಯಿತು ಅನ್ನಿ. ತಾಯಿ ಹೋದಾಗ ಗುಬ್ಬಿ ಇನ್ನೂ ತೊದಲು ಮಾತಾಡುತ್ತಿದ್ದಳು. ತುತ್ತಿಟ್ಟು, ತಲೆ ಬಾಚಿ, ಬೈದು, ಎರಡು ಬಿಟ್ಟು, ಮತ್ತೆ ತಾನೇ ತಬ್ಬಿಕೊಂಡು ಅತ್ತು ಬೆಳೆಸಿದವಳು ಅಕ್ಕ. ಎರಡು ತುತ್ತಿಗೇ ಸಾಕು ಅನ್ನುತ್ತಿದ್ದ ಹುಡುಗಿಗೆ ಗುಬ್ಬಿ ಅಂತ ಹೆಸರಿಟ್ಟವಳೂ ಅವಳೇ. ಗುಬ್ಬಿಗೆ ಅಕ್ಕನ ಮಾತೆಂದರೆ ವೇದವಾಕ್ಯ. ಅಕ್ಕ ಹಗಲನ್ನು ಇರುಳು ಅಂದರೆ ಎದ್ದು ಹೋಗಿ ದೀಪ ಹಚ್ಚುವವಳು.

ಮೇಲಾಗಿ ಅಕ್ಕ ಹೇಳಿ ಕೇಳಿ ಅಕ್ಕಿಯ ಕೆಲಸದವಳು. ಊರಾಚೆಯ ಧಾನ್ಯ ಸಂಶೋಧನಾ ಕೇಂದ್ರದ ಲ್ಯಾಬಿನಲ್ಲಿ ಅವಳಿಗೊಂದು ಮೇಜು, ಒಂದು ತಕ್ಕಡಿ. ಪಕ್ಕದ ಕೋಣೆಯವರು ಅಕ್ಕಿಯೊಳಗೆ ವಿಟಮಿನ್ ತುಂಬುವ ಹಟಕ್ಕೆ ಬಿದ್ದಿದ್ದರು; ಅಕ್ಕನ ಕೋಣೆಯ ಹಟ ಕಬ್ಬಿಣದ್ದು. ಔಷಧಿ ಅಂಗಡಿಗೆ ಹೋಗಲಾರದವರು, ಹೋದರೂ ಗುಬ್ಬಿಯ ಹಾಗೆ ಮಾತ್ರೆ ನುಂಗಲಾರದವರು ಲೋಕದಲ್ಲಿ ಲಕ್ಷಾಂತರ ಜನ. ಅವರೂ ಅನ್ನ ತಿನ್ನುತ್ತಾರಲ್ಲ, ಆ ಅನ್ನದಲ್ಲೇ ಬೇಕಾದ್ದೆಲ್ಲ ಇದ್ದುಬಿಟ್ಟರೆ? ಕೇಳಲು ಎಷ್ಟು ಚೆನ್ನಾಗಿದೆ. ಇದೊಂದು ಮಾತಿನ ಹಿಂದೆ ಇಡೀ ಆಯುಷ್ಯ ಸವೆಸಿದ ಮನುಷ್ಯನೊಬ್ಬ ಅಲ್ಲಿದ್ದ. ಭತ್ತದ ತಳಿಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ತಳಿ ಎಬ್ಬಿಸುವುದು ಅವನ ಕೆಲಸ. ಕೇಂದ್ರದಲ್ಲಿ ಎಲ್ಲರೂ ಅವನನ್ನು ತಳಿಯಜ್ಜ ಅಂತಲೇ ಕರೆಯುತ್ತಿದ್ದರು, ಎದುರಿಗೆ ಮಾತ್ರ ಸರ್.

ತಳಿಯಜ್ಜನ ಗದ್ದೆಯಲ್ಲಿ ಹದಿನೇಳನೇ ಸಾಲಿನಲ್ಲಿ ಹುಟ್ಟಿದ ಭತ್ತಕ್ಕೆ ಹೆಸರೇನೂ ಇರಲಿಲ್ಲ, ಹದಿನೇಳು ಅಂದರೆ ಸಾಕಿತ್ತು. ಅಕ್ಕಿ ಮಾಡಿ, ಪುಡಿ ಮಾಡಿ, ಆಸಿಡ್ಡಿನಲ್ಲಿ ಕರಗಿಸಿ ಅಕ್ಕ ಪರೀಕ್ಷೆ ಮಾಡಿದಾಗಲೆಲ್ಲ ಮಿಕ್ಕ ಎಲ್ಲ ತಳಿಗಿಂತ ಇಮ್ಮಡಿಗೂ ಹೆಚ್ಚು ಕಬ್ಬಿಣ. ಒಂದು ಬೆಳೆಯಲ್ಲಿ ಬಂದರೆ ಅದೃಷ್ಟ ಅನ್ನಬಹುದು, ಬೆಳೆ ಬೆಳೆಗೂ ಬಂತು. ಅದಕ್ಕಿದ್ದ ಐಬು ಒಂದೇ, ಉಮಿ ಬಲು ಬಿಗಿ. ಬೇರೆ ಭತ್ತ ಯಂತ್ರಕ್ಕೆ ಒಂದು ಸಲ ಹಾಕಿದರೆ ಸುಲಿದು ಅಕ್ಕಿಯಾಗುತ್ತದೆ. ಹದಿನೇಳು ಮೊಂಡು ಮಗುವಿನ ಹಾಗೆ ಅಂಗಿ ಬಿಚ್ಚಲು ಒಪ್ಪುವುದಿಲ್ಲ, ಮೂರು ಸಲ ಹಾಕಬೇಕು. "ಒಳ್ಳೇದು ಸುಲಭಕ್ಕೆ ಕೈಗೆ ಸಿಗಲ್ಲ ಕಣಮ್ಮ," ಅನ್ನುತ್ತಿದ್ದ ತಳಿಯಜ್ಜ. ಎಲ್ಲರೂ ಹೌದು ಹೌದು ಅಂದರು. ಅಕ್ಕನೂ ಅಂದಳು.

ಗುಬ್ಬಿಗೆ ಐದು ತಿಂಗಳಾದಾಗ ಅಕ್ಕ ತಳಿಯಜ್ಜನನ್ನು ಕೇಳಿ ಒಂದು ಮೂಟೆ ಹದಿನೇಳು ತಂದಳು. ಕೇಂದ್ರದ ಹಿಂದಿನ ಶೆಡ್ಡಿನಲ್ಲಿದ್ದ ಯಂತ್ರಕ್ಕೆ ತಾನೇ ಹಾಕಿ, ಮೂರು ಸಲ ಸುಲಿಸಿ, ಆಟೋದಲ್ಲಿ ಮೂಟೆಯ ಪಕ್ಕ ತಾನೂ ಕೂತು ಬಂದಳು. ಗುಬ್ಬಿ ಆವತ್ತೂ ಬಚ್ಚಲಿನಿಂದ ಮುಖ ತೊಳೆದುಕೊಂಡು ಹೊರಗೆ ಬಂದವಳು ಅಕ್ಕನನ್ನು ನೋಡಿ ಮತ್ತೆ ಅಳು ಶುರು ಮಾಡಿದಳು.

"ಅಕ್ಕ, ಆ ಮಾತ್ರೆ ನನ್ ಕೈಲಿ ಆಗಲ್ಲ ಕಣೆ. ಒಳಗಿರೋದೆಲ್ಲ ಕಿತ್ಕೊಂಡು ಬರುತ್ತೆ. ಮಗೂನೂ ಹಂಗೇ ಬಂದ್ಬಿಡುತ್ತೇನೋ ಅಂತ ಭಯ ಆಗುತ್ತೆ."

"ಬಿಡು ಹಾಗಾದ್ರೆ," ಅಂದಳು ಅಕ್ಕ. "ಇದರ ಅನ್ನ ಹೊಟ್ಟೆ ತುಂಬ ತಿನ್ನು. ಮಾತ್ರೇಲಿ ಇರೋದೇ ಇದರಲ್ಲೂ ಇದೆ. ನಾನೇ ನೋಡಿದ್ದೀನಿ."

ನಾನೇ ನೋಡಿದ್ದೀನಿ ಅನ್ನುವಾಗ ಅವಳ ದನಿಯಲ್ಲಿ ಎಷ್ಟು ಬಿಂಕವಿತ್ತು ಅಂತೀರಿ. ಹಿಡಿ ಅನ್ನಕ್ಕೆ ಎಷ್ಟು ಕಬ್ಬಿಣ, ಹೊಟ್ಟೆಯಲ್ಲಿರುವ ಮಗುವಿಗೆ ಎಷ್ಟು ಬೇಕು ಅಂತ ಕೂಡಿಸಿ ಕಳೆದು ನೋಡಿದ್ದರೆ ಹದಿನೇಳೇ ಆದರೂ ಮಾತ್ರೆಯ ಬದಲು ನಿಲ್ಲದು ಅಂತ ಅವಳಿಗೇ ಗೊತ್ತಾಗುತ್ತಿತ್ತು. ದಿನವಿಡೀ ಕೂಡಿಸಿ ಕಳೆಯುವವಳು ಆವತ್ತು ಮಾಡಲಿಲ್ಲ. ತಂಗಿಯ ಕಣ್ಣೀರು ಕಂಡಾಗ ತಕ್ಕಡಿ ಎಲ್ಲಿ ನೆನಪಾಗುತ್ತದೆ? ಗುಬ್ಬಿ ಮಾತ್ರೆ ಬಿಟ್ಟಳು. ಅನ್ನ ತಿಂದಳು. ಮುಖದಲ್ಲಿ ನಗು ಬಂತು. ನಗು ಬಂದದ್ದನ್ನೇ ರಕ್ತ ಬಂತು ಅಂದುಕೊಂಡರು ಎಲ್ಲರೂ.

ಎಲ್ಲರಿಗಿಂತ ಹೆಚ್ಚು ಅಂದುಕೊಂಡವರು ಗುಬ್ಬಿಯ ಅತ್ತೆ. ಕೊಡುಗೈ, ಬಿಚ್ಚು ಬಾಯಿ. ಕೆಳಗಿನ ಮನೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಮ್ಮನೂ ಬಸುರಿ, ಗುಬ್ಬಿಗಿಂತ ಮೂರು ತಿಂಗಳು ಹಿಂದೆ. "ನಮ್ಮ ಸೊಸೆಯ ಅಕ್ಕ ಕಂಡುಹಿಡಿದಿದ್ದು," ಅಂತ ಅತ್ತೆ ಅವಳಿಗೆ ಒಂದು ಡಬ್ಬಿ ಅಕ್ಕಿ ಕೊಟ್ಟರು. ಆಮೇಲೆ ಇನ್ನೊಂದು. ತಾನು ಕಂಡುಹಿಡಿದದ್ದಲ್ಲ ಅಂತ ಅಕ್ಕ ತಿದ್ದಬಹುದಿತ್ತು. ಹೊಗಳಿಕೆ ಯಾರಿಗೆ ಕಹಿ? ಸುಮ್ಮನೆ ನಕ್ಕಳು.

ಗುಬ್ಬಿಗೆ ಎಂಟು ತುಂಬುತ್ತಿದ್ದಾಗ ಕೇಂದ್ರದ ಯಂತ್ರ ಕೆಟ್ಟಿತು. ಒಳಗೆ ಉಕ್ಕಿನ ಎರಡು ಉರುಳೆ, ಭತ್ತ ಅವುಗಳ ನಡುವೆ ಉಜ್ಜಿ ಸುಲಿಯಬೇಕು. ಉರುಳೆಯ ಹಲ್ಲು ಸವೆದು ಬೋಳಾಗಿದೆ ಅಂತ ರಿಪೇರಿಯವನು ಕೈಚೆಲ್ಲಿ ಹೋದ. ಹೊಸದು ತರಿಸಿದರು. ಅದರದ್ದು ರಬ್ಬರಿನ ಉರುಳೆ, ಸದ್ದು ಕಡಿಮೆ. ಹದಿನೇಳನ್ನು ಊರಿಗೆಲ್ಲ ಬಿಡುವ ಮುಂಚೆ ದೊಡ್ಡವರ ಸಭೆಯೊಂದು ಇತ್ತು. ಅದಕ್ಕೆ ಕೊನೆಯದೊಂದು ಪರೀಕ್ಷೆ ಬೇಕು ಅಂತ ತಳಿಯಜ್ಜ ಹೊಸ ಬೆಳೆಯ ಭತ್ತ ಕಳಿಸಿದ. ಅಕ್ಕ ಹೊಸ ಯಂತ್ರಕ್ಕೆ ಹಾಕಿ ಸುಲಿಸಿದಳು, ಪುಡಿ ಮಾಡಿದಳು, ಕರಗಿಸಿದಳು, ನೋಡಿದಳು. ಹದಿನೇಳರಲ್ಲಿ ಮಿಕ್ಕ ಅಕ್ಕಿಯಲ್ಲಿ ಇದ್ದಷ್ಟೇ ಕಬ್ಬಿಣವಿತ್ತು, ಒಂದು ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

ಕೈ ತಪ್ಪಿರಬೇಕು ಅಂದುಕೊಂಡು ಗಾಜಿನ ಸಾಮಾನು ತೊಳೆದು ಮತ್ತೆ ಮಾಡಿದಳು. ಅಷ್ಟೇ. ಮೂಟೆ ಬದಲಾಗಿದೆಯೇನೋ ಅಂತ ಗದ್ದೆಗೆ ಹೋಗಿ, ತಾನೇ ತೆನೆ ಕೊಯ್ದು ತಂದಳು. ಯಂತ್ರದ ಸಹವಾಸವೇ ಬೇಡ ಅಂತ ಒಂದೊಂದೇ ಕಾಳನ್ನು ಉಗುರಿನಲ್ಲಿ ಸುಲಿದಳು. ಉಗುರ ಸಂದಿಯಲ್ಲಿ ರಕ್ತ ಜಿನುಗಿತೇ ಹೊರತು ಕಾಳಿನಲ್ಲಿ ಹೆಚ್ಚಿನದೇನೂ ಸಿಗಲಿಲ್ಲ. ಆಗ ಅವಳಿಗೆ ರಿಪೇರಿಯವನು ಹೇಳಿದ ಬೋಳು ಉರುಳೆ ನೆನಪಾಯಿತು. ಶೆಡ್ಡಿನ ಮೂಲೆಗೆ ತಳ್ಳಿದ್ದ ಹಳೆಯ ಯಂತ್ರದ ಹತ್ತಿರ ಹೋದಳು. ಅಂಗಡಿಯಿಂದ ತಂದ ಸಾಧಾರಣ ಭತ್ತವನ್ನು ಆ ಬೋಳು ಉರುಳೆಗಳ ನಡುವೆ ಮೂರು ಸಲ ಓಡಿಸಿದಳು. ಅದನ್ನು ತಂದು ಪರೀಕ್ಷೆ ಮಾಡಿದರೆ, ಹದಿನೇಳರಲ್ಲಿ ಇಷ್ಟು ವರ್ಷ ಕಂಡ ಕಬ್ಬಿಣ ಅಂಗಡಿ ಭತ್ತದಲ್ಲೂ ಕಂಡಿತು.

ಕಬ್ಬಿಣ ಕಾಳಿನದಾಗಿರಲಿಲ್ಲ, ಯಂತ್ರದ್ದಾಗಿತ್ತು. ಎಲ್ಲ ಭತ್ತವೂ ಅದೇ ಯಂತ್ರದಲ್ಲಿ ಹಾದು ಬರುತ್ತದೆ, ಆದ್ದರಿಂದ ಎಲ್ಲಕ್ಕೂ ಒಂದೇ ನ್ಯಾಯ ಅಂದುಕೊಂಡಿದ್ದರು. ಬೇರೆಯವು ಒಂದು ಸಲ ಹಾದವು, ಬಿಗಿ ಉಮಿಯ ಹದಿನೇಳು ಮೂರು ಸಲ ಹಾಯಿತು. ಪ್ರತಿ ಸಲವೂ ಕಣ್ಣಿಗೆ ಕಾಣದ ಉಕ್ಕಿನ ಪುಡಿಯನ್ನು ಮೈಗೆ ಬಳಿದುಕೊಂಡು ಬಂತು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತಾರೆ. ಇವರು ಸಾವಿರ ಅಗುಳು ಹಿಸುಕಿದ್ದರು, ಹಿಸುಕಿದ ಬೆರಳನ್ನು ಮಾತ್ರ ನೋಡಿಕೊಂಡಿರಲಿಲ್ಲ.

ತಳಿಯಜ್ಜ ಗದ್ದೆ ಬದಿಯ ಕೊಟ್ಟಡಿಯಲ್ಲಿ ಬೀಜದ ಮೂಟೆಯ ಮೇಲೆ ಕೂತಿದ್ದ. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಹೇಳಿ ಮುಗಿದ ಮೇಲೆ ಅವನು ಮೂಟೆಯಿಂದ ಒಂದು ಭತ್ತ ತೆಗೆದು ಉಗುರಿನಲ್ಲಿ ಬಿಡಿಸಲು ನೋಡಿದ. ಬರಲಿಲ್ಲ. ಹಲ್ಲಿಗೆ ಇಟ್ಟು ನೋಡಿದ. ಹಲ್ಲೂ ಈಗ ಮೊದಲಿನ ಹಾಗಿರಲಿಲ್ಲ.

"ಸಭೇಲಿ ನಾನೇ ಹೇಳ್ತೀನಿ," ಅಂದ ಕೊನೆಗೆ. "ನಿನ್ನ ಮೇಲೆ ಯಾರೂ ತಪ್ಪು ಹಾಕದ ಹಾಗೆ ನೋಡ್ಕೋತೀನಿ. ನೀನು ಹೆದರ್ಬೇಡ ಕಣಮ್ಮ."

"ನನಗೆ ಅದರ ಭಯ ಇಲ್ಲ ಸರ್. ನನ್ನ ತಂಗಿ ಇದನ್ನೇ ತಿಂತಿದ್ದಾಳೆ."

"ತಿನ್ನಲಿ ಬಿಡು. ಅಕ್ಕಿ ತಾನೇ, ವಿಷ ಅಲ್ವಲ್ಲ."

"ಮಾತ್ರೆ ಬಿಡಿಸಿದ್ದೀನಿ ಸರ್."

ತಳಿಯಜ್ಜ ಅವಳ ಮುಖ ನೋಡಿದ. ಆಯುಷ್ಯದ ದುಡಿಮೆ ನೀರುಪಾಲಾದದ್ದನ್ನು ಕೇಳಿ ಅಲುಗದೆ ಕೂತಿದ್ದ ಮನುಷ್ಯ ಈಗ ಎದ್ದು ನಿಂತ. "ಇಲ್ಲೇನು ಮಾಡ್ತಿದ್ದೀಯ? ಹೋಗು," ಅಂದ.

ಅಕ್ಕ ಹೋದಳು. ದಾರಿಯುದ್ದಕ್ಕೂ ಹೇಗೆ ಹೇಳುವುದು ಅಂತ ಮಾತು ಜೋಡಿಸಿಕೊಂಡಳು. ಮೆಟ್ಟಿಲು ಹತ್ತುವಷ್ಟರಲ್ಲಿ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿ. ಗುಬ್ಬಿ ಕಾಲು ಚಾಚಿ ಕೂತು ಕೂಸಿಗೆ ಟೋಪಿ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಟೈಲರಮ್ಮ ಅಂಗಡಿಗೆ ಬೀಗ ಹಾಕಿ ಮೇಲೆ ಬಂದವಳು, ದಾರದುಂಡೆ ಬಿಡಿಸಿಕೊಡುತ್ತಿದ್ದಳು. ಗುಬ್ಬಿಯ ತುಟಿ, ಉಗುರು, ಕಣ್ಣಿನ ಒಳರೆಪ್ಪೆ ಎಲ್ಲ ಸುಣ್ಣದ ಹಾಗೆ ಬಿಳಿಚಿದ್ದನ್ನು ಅಕ್ಕ ಆವತ್ತು ಮೊದಲ ಬಾರಿ ಕಂಡಳು. ಮೊದಲೇಕೆ ಕಾಣಲಿಲ್ಲ? ನಂಬಿಕೆ ಅನ್ನುವುದು ಒಳ್ಳೆಯ ಕನ್ನಡಕವಲ್ಲ, ಅದಕ್ಕೆ.

"ಅತ್ತೆ, ಆ ಅಕ್ಕೀಲಿ ಏನೂ ಇಲ್ಲ," ಅಂದಳು.

ಅತ್ತೆ ಅಡುಗೆಮನೆಯಿಂದ ಇಣುಕಿದರು. "ಏನೂ ಇಲ್ಲ ಅಂದ್ರೆ? ಅನ್ನ ಆಗಲ್ವಾ?"

"ಅನ್ನ ಆಗುತ್ತೆ. ರಕ್ತ ಆಗಲ್ಲ. ನಮ್ಮದೇ ತಪ್ಪು. ಅದರಲ್ಲಿ ಕಬ್ಬಿಣ ಇಲ್ಲ."

"ಮೊನ್ನೆ ಮೊನ್ನೆ ಇದೆ ಅಂದೆ, ಇವತ್ತು ಇಲ್ಲ ಅಂತೀಯ. ಕಬ್ಬಿಣಕ್ಕೇನು ಕಾಲು ಬಂದು ಓಡಿ ಹೋಯ್ತಾ?"

ಟೈಲರಮ್ಮ ಕಿಸಕ್ಕನೆ ನಕ್ಕಳು. ಅಕ್ಕ ಯಂತ್ರದ ಕತೆ ಹೇಳಿದಳು, ಉರುಳೆ ಸವೆದದ್ದು, ಪುಡಿ ಬೆರೆತದ್ದು, ಎಲ್ಲ. ಅತ್ತೆ ಸೌಟು ಹಿಡಿದುಕೊಂಡೇ ಕೇಳಿದರು.

"ಪುಡಿ ಆದ್ರೇನಮ್ಮ, ಕಬ್ಬಿಣ ಕಬ್ಬಿಣಾನೇ ತಾನೆ? ಮಾತ್ರೇಲಿ ಮತ್ತೆ ಬಂಗಾರ ಇಟ್ಟಿರ್ತಾರಾ?"

ನೋಡಿ, ಇಂಥ ಪ್ರಶ್ನೆಗೆ ಏನು ಉತ್ತರ ಕೊಡುತ್ತೀರಿ? ಉತ್ತರವಿದೆ, ಲ್ಯಾಬಿನಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಅರ್ಧ ಗಂಟೆಯ ಉತ್ತರ. ಅಕ್ಕ ಅದನ್ನು ಒಂದೇ ಮಾತಿಗೆ ಇಳಿಸಿದಳು. "ಮೊಳೆ ನುಂಗಿದ್ರೆ ರಕ್ತ ಬರುತ್ತಾ ಅತ್ತೆ? ಇದೂ ಹಂಗೇ. ಮೈಗೆ ಹತ್ತಲ್ಲ."

"ಮೈಗೆ ಹತ್ತದೆ ಮಗು ಇಷ್ಟು ಒದೆಯುತ್ತಾ?" ಅಂದರು ಅತ್ತೆ. "ಹೊಟ್ಟೆ ಮೇಲೆ ಕೈಯಿಟ್ಟು ನೋಡು, ಫುಟ್‌ಬಾಲ್ ಆಡ್ತಿದೆ."

ಗುಬ್ಬಿ ಅಕ್ಕನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಇವಳು ಚಿಕ್ಕಂದಿನಿಂದ ಹೀಗೇ ಅತ್ತೆ. ಪರೀಕ್ಷೆ ಬರೆದು ಬಂದು ಫೇಲ್ ಆಗ್ತೀನಿ ಅಂತ ಅಳೋಳು, ಆಮೇಲೆ ಕ್ಲಾಸಿಗೇ ಮೊದಲು ಬರೋಳು," ಅಂದಳು. ಅಕ್ಕನಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಮಡಿಲಲ್ಲಿ ತಲೆಯಿಟ್ಟು ಅಳಬೇಕು ಅನ್ನಿಸಿತು. ಎರಡನ್ನೂ ಮಾಡದೆ, "ಚಪ್ಪಲಿ ಹಾಕ್ಕೋ, ಆಸ್ಪತ್ರೆಗೆ ಹೋಗೋಣ," ಅಂದಳು. ಅಕ್ಕ ಹೇಳಿದಳಲ್ಲ, ಗುಬ್ಬಿ ಎದ್ದಳು.

ಡಾಕ್ಟರಮ್ಮ ರಕ್ತದ ಚೀಟಿ ನೋಡಿದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇರಬೇಕಾದ್ದರಲ್ಲಿ ಅರ್ಧದಷ್ಟೇ ಇತ್ತು.

"ಮಾತ್ರೆ ತಗೋತಿದ್ದೀಯಾ?"

ಗುಬ್ಬಿ ತಲೆ ತಗ್ಗಿಸಿದಳು.

"ಯಾವಾಗಿಂದ ಬಿಟ್ಟೆ? ಯಾರು ಬಿಡು ಅಂದಿದ್ದು?"

"ಯಾರೂ ಇಲ್ಲ ಡಾಕ್ಟ್ರೇ. ನಾನೇ ಬಿಟ್ಟೆ. ಅಕ್ಕ ತಗೋ ತಗೋ ಅಂತಾನೇ ಇದ್ಲು."

ಹುಟ್ಟಿದಾಗಿನಿಂದ ಗುಬ್ಬಿಗೆ ಸುಳ್ಳು ಹೇಳಲು ಬಾರದು, ಹೇಳಿದರೆ ಕಿವಿ ಕೆಂಪಾಗುತ್ತದೆ. ಆವತ್ತು ಕಿವಿ ಕೆಂಪಾಗಲಿಲ್ಲ. ಕೆಂಪಾಗಲು ಅವಳಲ್ಲಿ ರಕ್ತವೇ ಇರಲಿಲ್ಲ.

"ನಾನೇ ಬಿಡಿಸಿದ್ದು ಡಾಕ್ಟ್ರೇ," ಅಂದಳು ಅಕ್ಕ. "ನಮ್ಮ ಕೇಂದ್ರದ ಅಕ್ಕಿ ಸಾಕು ಅಂದ್ಕೊಂಡೆ."

ಡಾಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಓದಿದವರೇ ಹೀಗೆ ಮಾಡಿದ್ರೆ ನಾನು ಯಾರಿಗೆ ಬುದ್ಧಿ ಹೇಳ್ಲಿ?" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ, ದಣಿದಿದ್ದರು. ಈಗ ಮಾತ್ರೆಯಿಂದ ಆಗುವ ಕೆಲಸವಲ್ಲ, ನಾಳೆಯೇ ಸೇರಿಸಿ, ಹೆರಿಗೆಗೆ ಮುಂಚೆ ರಕ್ತ ಏರಿಸಿಬಿಡೋಣ ಅಂದರು. ಗುಬ್ಬಿಯ ರಕ್ತದ ಗುಂಪು ಸುಲಭಕ್ಕೆ ಸಿಗುವಂಥದ್ದಲ್ಲ, ಹುಡುಕಿಡಿ ಅಂತಲೂ ಹೇಳಿದರು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮರುದಿನ ಬೆಳಗ್ಗೆ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಾಗಲೇ ಗುಬ್ಬಿಗೆ ನೋವು ಬಂತು. ದಿನ ತುಂಬಿರಲಿಲ್ಲ. ಆಸ್ಪತ್ರೆ ಮುಟ್ಟಿ ತುಸು ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಸಣ್ಣದು, ಆದರೆ ಗಟ್ಟಿ ಗಂಟಲಿನದು. ಕೂಸಿನ ದನಿ ಕೇಳಿ ಅತ್ತೆ ಕೈಮುಗಿದರು. ಒಳಗೆ ಗುಬ್ಬಿಯ ರಕ್ತ ಹರಿಯುತ್ತಲೇ ಇತ್ತು, ನಿಲ್ಲುತ್ತಿರಲಿಲ್ಲ. ಬೇರೆ ಹೆಣ್ಣಾಗಿದ್ದರೆ ತಡೆದುಕೊಳ್ಳುತ್ತಿದ್ದಳು, ಇವಳಲ್ಲಿ ಹರಿಯಲು ಇದ್ದದ್ದೇ ಅಷ್ಟು ಅಂತ ನರ್ಸು ಬಾಗಿಲಲ್ಲಿ ನಿಂತು ಹೇಳಿ ಹೋದಳು. ಅಕ್ಕ ತೋಳು ಚಾಚಿ ನನ್ನದು ತಗೊಳ್ಳಿ ಅಂದಳು. ಪರೀಕ್ಷೆ ಮಾಡಿ, ಹೊಂದುವುದಿಲ್ಲ ಅಂದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ತಟ್ಟೆಯಲ್ಲಿ ಉಂಡವರು, ರಕ್ತ ಮಾತ್ರ ಬೇರೆ.

ಆಸ್ಪತ್ರೆಯಲ್ಲಿ ಆ ಗುಂಪಿನ ರಕ್ತ ಇದ್ದದ್ದು ಒಂದೇ ಚೀಲ. ಗುಬ್ಬಿಯ ಗಂಡ ಡಿಪೋಗೆ ಫೋನು ಹಚ್ಚಿದ. ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಪ್ರಯಾಣಿಕರ ಬೈಗುಳ ತಿಂದು, ಡ್ರೈವರುಗಳು, ಕಂಡಕ್ಟರುಗಳು, ಬಸ್ಸು ತೊಳೆಯುವವರು ಗುಂಪುಗುಂಪಾಗಿ ಬಂದರು. ಹೊಂದದವರು ಗೋಡೆಗೊರಗಿ ನಿಂತರು. ಅಕ್ಕ ಆಸ್ಪತ್ರೆಯ ಉದ್ದನೆಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಸಾಸಿವೆಯಷ್ಟರಲ್ಲಿ ಎಷ್ಟು ಕಬ್ಬಿಣ ಅಂತ ಅಳೆದು ಹೇಳುವ ಹೆಂಗಸು, ಗೋಡೆಯಾಚೆ ತಂಗಿಯಲ್ಲಿ ಎಷ್ಟು ಉಳಿದಿದೆ ಅಂತ ತಿಳಿಯಲಾರದೆ ಕೈಕಟ್ಟಿ ಕೂತಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಅವಳಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಗುಬ್ಬಿಯ ಗಂಡ ಒಮ್ಮೆ ಪಕ್ಕದಲ್ಲಿ ಬಂದು ಕೂತ. ಏನೋ ಅನ್ನುತ್ತಾನೆ, ಅನ್ನಲಿ ಅಂತ ಅಕ್ಕ ಕಾದಳು. ಅವನು ಒಂದು ಲೋಟ ಟೀ ಅವಳ ಕೈಗಿಟ್ಟು, "ಬೆಳಗ್ಗಿಂದ ಏನೂ ಕುಡಿದಿಲ್ಲ ನೀವು," ಅಂತ ಎದ್ದು ಹೋದ. ಆಗ ಅವಳಿಗೆ ಅಳು ಬಂತು.

ಗುಬ್ಬಿ ಉಳಿದಳು. ಒಬ್ಬ ಕಂಡಕ್ಟರು, ಇಬ್ಬರು ಡ್ರೈವರು, ಬಸ್ಸು ತೊಳೆಯುವ ಹುಡುಗಿಯೊಬ್ಬಳು, ಇವರ ರಕ್ತ ಅವಳ ಮೈಗೆ ಇಳಿಯಿತು. ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟು ನೀರು ಕೇಳಿದಳು.

ಹದಿನೇಳರ ಕತೆಯೂ ಅದೇ ವಾರ ಮುಗಿಯಿತು. ತಳಿಯಜ್ಜ ಸಭೆಯಲ್ಲಿ ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದನಂತೆ. ಯಾರೂ ಕೂಗಾಡಲಿಲ್ಲವಂತೆ, ಹಂಗಿಸಲೂ ಇಲ್ಲವಂತೆ. ಮುಂದಿನ ವಿಷಯ ಎತ್ತಿಕೊಂಡರಂತೆ. ಅವನು ಮತ್ತೆ ಗದ್ದೆಗಿಳಿದ, ಈ ಸಲ ಉಮಿ ಸಡಿಲವಿರುವ ತಳಿ ಹುಡುಕುತ್ತ. ಆ ವಯಸ್ಸಿನಲ್ಲಿ ಮೊದಲಿಂದ ಶುರು ಮಾಡುವವನನ್ನು ಹುಚ್ಚ ಅನ್ನಬೇಕೋ ದೊಡ್ಡವನು ಅನ್ನಬೇಕೋ ನನಗಂತೂ ತಿಳಿಯದು. ಕೇಂದ್ರದೊಳಗೆ ಹದಿನೇಳು ಸತ್ತಿತು. ಗುಬ್ಬಿಯ ಬೀದಿಯಲ್ಲಿ ಸಾಯಲಿಲ್ಲ.

ಬೀದಿ ಕಂಡದ್ದೇನು? ಗುಬ್ಬಿ ಆಸ್ಪತ್ರೆಗೆ ಹೋದದ್ದು ಕಂಡಿತು, ಗುಬ್ಬಿಯೂ ಕೂಸೂ ಮನೆಗೆ ಬಂದದ್ದು ಕಂಡಿತು. ನಡುವೆ ತೂಗುಹಾಕಿದ್ದ ರಕ್ತದ ಚೀಲಗಳನ್ನು ಬೀದಿ ಕಂಡಿರಲಿಲ್ಲ. ಅತ್ತೆ ಕಂಡಿದ್ದರು, ಆದರೆ ಅತ್ತೆಯ ಲೆಕ್ಕವೇ ಬೇರೆ. "ಎಷ್ಟು ರಕ್ತ ಹೋಯ್ತು ಅಂತೀರಿ, ಬಕೆಟ್ ಬಕೆಟ್ ಹೋಯ್ತು," ಅಂತ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. "ಬೇರೆಯವರಾಗಿದ್ರೆ ಅಲ್ಲೇ ಮುಗಿದು ಹೋಗೋರು. ಆ ಅಕ್ಕಿ ತಿಂದ ಗಟ್ಟಿತನ, ತಡ್ಕೊಂಡ್ಲು." ಅಕ್ಕ ಪ್ರತಿ ಸಲ ಹಾಗಲ್ಲ ಅತ್ತೆ ಅನ್ನುತ್ತಿದ್ದಳು. ಪ್ರತಿ ಸಲ ಅತ್ತೆ ಅವಳ ಬೆನ್ನು ತಟ್ಟಿ, "ಇವಳಿಗೆ ಒಂಚೂರೂ ಜಂಬ ಇಲ್ಲ ನೋಡಿ," ಅನ್ನುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಕಟ್ಟಿದ ಮೇಲೆ ಬಿಚ್ಚು ಅಂದರೆ ಕೇಳುತ್ತಾರೆಯೇ? ಅಕ್ಕ ಡಾಕ್ಟರಮ್ಮನ ಹತ್ತಿರವೂ ಹೋಗಿ, ನೀವಾದರೂ ಬಂದು ಹೇಳಿ ಅಂತ ಬೇಡಿಕೊಂಡಳು. "ಬಂದವರಿಗೆಲ್ಲ ಮಾತ್ರೆ ಕೊಟ್ಟು ಕಳಿಸ್ತೀನಮ್ಮ," ಅಂದರು ಅವರು. "ಮನೆಮನೆಗೂ ಹೋಗಿ ಬಾಯಿಗೆ ಹಾಕೋಕಾಗುತ್ತಾ?"

ಒಂದು ಮಧ್ಯಾಹ್ನ ಗುಬ್ಬಿ, ಕೂಸು, ಅತ್ತೆ ಮೂವರೂ ಮಲಗಿದ್ದರು. ಅಕ್ಕ ರಜೆ ಹಾಕಿ ಬಂದು ಬಟ್ಟೆ ಮಡಚುತ್ತಿದ್ದಳು. ಟೈಲರಮ್ಮ ಬಾಗಿಲಲ್ಲಿ ನಿಂತಳು. ಈಗ ಅವಳಿಗೆ ಆರು ದಾಟಿ ಏಳರಲ್ಲಿತ್ತು. ಕೈಯಲ್ಲಿ ಖಾಲಿ ಡಬ್ಬಿ.

"ಅಕ್ಕಾ, ಸ್ವಲ್ಪ ಆ ಅಕ್ಕಿ ಇದ್ರೆ ಕೊಡ್ತೀರಾ? ನಮ್ಮನೇಲಿ ಮುಗೀತು."

ಅಕ್ಕ ಅವಳನ್ನು ಒಳಗೆ ಕರೆದು ಕೂರಿಸಿದಳು. ಅವಳ ಕೆಳರೆಪ್ಪೆಯನ್ನು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿದಳು. ಬಿಳಿ. ಎರಡು ಕೈಯನ್ನೂ ಹಿಡಿದುಕೊಂಡು, ಮಗುವಿಗೆ ಹೇಳುವ ಹಾಗೆ ಹೇಳಿದಳು, ಅಕ್ಕಿಯಲ್ಲಿ ಏನೂ ಇಲ್ಲ, ನನ್ನ ತಂಗಿ ಸಾಯುತ್ತಿದ್ದಳು, ಉಳಿಸಿದ್ದು ಡಿಪೋದವರ ರಕ್ತ, ನನ್ನ ಮಾತು ಕೇಳಿ ಮಾತ್ರೆ ಬಿಟ್ಟೇ ಅವಳಿಗೆ ಆ ಗತಿ ಬಂದದ್ದು. ಇಷ್ಟನ್ನು ಹೇಳಲು ಅವಳಿಗೆ ನಾಚಿಕೆಯಾಗಲಿಲ್ಲ, ನಾಚಿಕೆಯೆಲ್ಲ ಆಸ್ಪತ್ರೆಯ ಪಡಸಾಲೆಯಲ್ಲೇ ಮುಗಿದಿತ್ತು. ಟೈಲರಮ್ಮ ಗಮನವಿಟ್ಟು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಗಂಟಾಯಿತು. ಕೈ ಬಿಡಿಸಿಕೊಂಡಳು.

"ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂತ ಗಾದೇನೇ ಇದೆ ಬಿಡಿ," ಅಂದಳು. "ನಿಮ್ಮ ಮನೆಯವರಿಗೆ ಉಳಿಸ್ಕೋಬೇಕು ಅಂದ್ರೆ ಇಲ್ಲ ಅಂತ ನೇರವಾಗಿ ಹೇಳಿ. ನಾನೇನು ಬೇಜಾರು ಮಾಡ್ಕೊಳ್ಳಲ್ಲ. ಇಷ್ಟುದ್ದ ಕತೆ ಯಾಕೆ ಕಟ್ತೀರಿ?"

"ಕತೆ ಅಲ್ಲ ಕಣಮ್ಮ, ನಿಜವಾಗ್ಲೂ."

"ನಿಮ್ಮ ತಂಗಿ ಮಗು ಹುಟ್ಟಿದ ದಿನ ಅತ್ತಿದ್ದು ಆಸ್ಪತ್ರೆಗೆಲ್ಲ ಕೇಳ್ತು ಅಂತ ಅತ್ತೆ ಹೇಳಿದ್ರು. ನನ್ನ ಮಗು ಹಂಗೆ ಅಳಬಾರದಾ?"

ಅವಳು ಎದ್ದು ಬಾಗಿಲವರೆಗೆ ಹೋದಳು. ಅಕ್ಕನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದವಳು ಟೈಲರಮ್ಮನಲ್ಲ, ಬಚ್ಚಲಿನಿಂದ 'ಆಗಲ್ಲ ಕಣೆ' ಅಂತ ಹೊರಬಂದ ಗುಬ್ಬಿಯೇ ಅನ್ನಿಸಿತು. ಅಕ್ಕಿ ಬೇಡ ಅಂದಷ್ಟೂ ಇವಳು ಅಕ್ಕಿಯನ್ನೇ ಹಿಡಿಯುತ್ತಾಳೆ. ಕೊಟ್ಟರಾದರೂ ಒಂದು ಮಾತು ಕಿವಿಗೆ ಬೀಳಬಹುದು. ಅಕ್ಕ ಎದ್ದು ಅಡುಗೆಮನೆಗೆ ಹೋಗಿ, ಮೂಟೆಯ ತಳದಲ್ಲಿ ಉಳಿದದ್ದನ್ನೆಲ್ಲ ಡಬ್ಬಿಗೆ ಸುರಿದು ತಂದುಕೊಟ್ಟಳು.

"ತಗೊಳ್ಳಿ. ಎಲ್ಲ ತಗೊಳ್ಳಿ. ಅನ್ನ ಮಾಡ್ಕೊಂಡು ತಿನ್ನಿ. ನಾನು ಕೇಳೋದು ಇಷ್ಟೇ, ಆಸ್ಪತ್ರೇಲಿ ಕೊಟ್ಟ ಮಾತ್ರೇನೂ ತಗೊಳ್ಳಿ. ತಗೋತೀರಲ್ಲ?"

ಟೈಲರಮ್ಮನ ಮುಖ ಅರಳಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಮೆಟ್ಟಿಲ ಹತ್ತಿರ ನಿಂತು ತಿರುಗಿದಳು. ದನಿಯಲ್ಲಿ ಕೊಂಕಿರಲಿಲ್ಲ, ಪ್ರೀತಿಯಿತ್ತು.

"ಯಾಕಕ್ಕಾ, ನಿಮ್ಮ ತಂಗಿ ತಗೊಂಡಿದ್ಲಾ?"

ಅಷ್ಟು ಕೇಳಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು.